ಡಾಕ್ಟರ ದನಿಯಲ್ಲಿ ಕೇಳಿದ ಮಾತ್ರೆ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಹೇಳುತ್ತಾ ಹೇಳುತ್ತಾ ಅದನ್ನು ನಯವಾಗಿ ಬೇರೆಯವರ ಹೆಗಲಿಗೆ ದಾಟಿಸಿಬಿಡುವ ಆಸಾಮಿ ನಾನು. ಒಂದು ವರ್ಷಕ್ಕೂ ಹೆಚ್ಚು ಕಾಲ, ತಿಂಗಳಿಗೊಮ್ಮೆ, ಬಂಗಾರಪೇಟೆಯ ಚರ್ಮದ ಡಾಕ್ಟರ ದನಿ ತೆಗೆದು ಕೆಜಿಎಫ್‌ನ ಒಂದು ಮೆಡಿಕಲ್ ಅಂಗಡಿಗೆ ಫೋನ್ ಮಾಡಿದ್ದೇನೆ. "ಆ ಹುಡುಗ ಬರ್ತಾನ್ರಿ, ಮುಖದ ತುಂಬ ಮೊಡವಿ ಅದಾವ, ಅವಂಗ ಹೋದ ಸಲದ್ದ ಗುಳಿಗಿ ಇನ್ನೊಂದ ತಿಂಗಳ ಕೊಡ್ರಿ" ಎಂದು ಹೇಳಿ ಫೋನಿಟ್ಟು, ಹತ್ತು ನಿಮಿಷ ಬಿಟ್ಟು, ಮುಖದ ತುಂಬ ಮೊಡವೆಯಿರುವ ಆ ಹುಡುಗನಾಗಿ ಅಂಗಡಿಯ ಮುಂದೆ ಹೋಗಿ ನಿಂತಿದ್ದೇನೆ.

ಮಿಮಿಕ್ರಿ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಕಾಲೇಜಿಗೆ ಹೋಗುವ ರೈಲಿನಲ್ಲಿ ಹತ್ತಿದ ಚಟ. ಒಂದೇ ಬೋಗಿಯಲ್ಲಿ ಒಬ್ಬ ತಮಿಳಿನಲ್ಲಿ ಬೈಯುತ್ತಾನೆ, ಇನ್ನೊಬ್ಬ ತೆಲುಗಿನಲ್ಲಿ ನಗುತ್ತಾನೆ, ಮೂರನೆಯವನು ಕನ್ನಡದಲ್ಲಿ ಪಂಚಾಯ್ತಿಗೆ ಕೂರುತ್ತಾನೆ. ಕಿವಿ ಇದ್ದವನಿಗೆ ಇನ್ನೇನು ಬೇಕು? ಅಪ್ಪನ ಫ್ಯಾಕ್ಟರಿಯ ಕ್ವಾರ್ಟರ್ಸ್‌ನಲ್ಲಿ ಹುಟ್ಟುಹಬ್ಬವಾಗಲಿ, ಯಾರದಾದರೂ ನಿವೃತ್ತಿಯ ಬೀಳ್ಕೊಡುಗೆಯಾಗಲಿ, ನನ್ನನ್ನು ಕರೆಯುತ್ತಿದ್ದರು. ಅಪ್ಪ ಬೈಯುವ ಮೊದಲು ಕೆಮ್ಮುವ ಕೆಮ್ಮು, ಅಮ್ಮ ಹಾಲಿನವನ ಜೊತೆ ನೀರಿನ ಬಗ್ಗೆ ಆಡುವ ಜಗಳ, ನಮ್ಮ ಪ್ರಿನ್ಸಿಪಾಲರ ಮೂಗಿನ ದನಿ, ಎಲ್ಲವನ್ನೂ ಮಾಡುತ್ತಿದ್ದೆ. ನನ್ನ ದನಿಯನ್ನೂ ಮಾಡಿಕೊಳ್ಳುತ್ತಿದ್ದೆ; ಅದಕ್ಕೆ ಎಲ್ಲಕ್ಕಿಂತ ಹೆಚ್ಚು ನಗು ಬೀಳುತ್ತಿತ್ತು.

ಆದರೆ ಎಲ್ಲರನ್ನೂ ಆಡಿಕೊಳ್ಳುವವನಿಗೆ ಒಂದು ಕಷ್ಟವಿದೆ. ಅವನ ಮುಖದ ಮೇಲೆ ಏನಾದರೂ ಎದ್ದರೆ ಊರಿಗೆಲ್ಲ ಹಬ್ಬ. ನನ್ನ ಮುಖದ ಮೇಲೆ ಎದ್ದದ್ದು ಒಂದೆರಡಲ್ಲ. ಹಣೆಯಲ್ಲಿ ಶುರುವಾಗಿ, ಕೆನ್ನೆಗಿಳಿದು, ದವಡೆಯ ಕೆಳಗೆ ಗಂಟು ಗಂಟಾಗಿ ಕೂತವು. ಮುಟ್ಟಿದರೆ ನೋವು, ಒತ್ತಿದರೆ ಕೀವು. ಒತ್ತದೆ ಇರುವುದಂತೂ ನನ್ನಿಂದ ಆಗದು. ಮೊದಲ ಏಟು ಕೊಟ್ಟವಳು ಅಕ್ಕ. ಆಗ ಅವಳಿಗೆ ಮದುವೆ ಗೊತ್ತಾಗಿತ್ತು, ಬಾಯಿಗೆ ಬಿಡುವಿರಲಿಲ್ಲ.

"ಲೇ, ಕೋರಮಂಡಲ್ ಗಣಿ ಮುಚ್ಚಿ ಎಷ್ಟ್ ವರ್ಸ ಆತು! ನಿನ್ ಮುಖ್ದಾಗೆ ಮಾತ್ರ ಇನ್ನಾ ತೋಡ್ತಾನೇ ಅವ್ರಲ್ಲೋ!"

"ಚಿನ್ನ ಸಿಕ್ಕಿದ್ರೆ ನಿಂಗೇ ವಾಲೆ ಮಾಡಿಸ್ತೀನಿ ಬಿಡಕ್ಕ" ಅಂದೆ. ನಕ್ಕೆ ಕೂಡ. ಆಮೇಲೆ ಬಚ್ಚಲಿಗೆ ಹೋಗಿ ಕನ್ನಡಿಯ ಮುಂದೆ ನಿಂತು ಇನ್ನೆರಡು ಕಿತ್ತುಕೊಂಡೆ.

ಬಂಗಾರಪೇಟೆಯ ಚರ್ಮದ ಡಾಕ್ಟರ ಹತ್ತಿರ ಹೋದದ್ದು ಹಾಗೆ. ಧಾರವಾಡದ ಕಡೆಯವರು, ನಮ್ಮ ಕಡೆಗೆ ಬಂದು ಎಷ್ಟೋ ವರ್ಷವಾಗಿದ್ದರೂ ಮಾತು ಒಂದಿಷ್ಟೂ ಸವೆದಿರಲಿಲ್ಲ. ಅವರು ನನ್ನ ದವಡೆ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದರೆ ನನಗೆ ಮೊಡವೆ ಮರೆತೇಹೋಗಿತ್ತು. ಎಂಥ ದನಿ! ಪ್ರತಿ ಮಾತಿನ ಕೊನೆಯನ್ನು ಬಾಗಿಲ ಚಿಲಕದ ಹಾಗೆ ಟಕ್ಕೆಂದು ಹಾಕುವ ರೀತಿ! ನಮ್ಮ ಸೀಮೆಯಲ್ಲಿ ಇಂಥ ದನಿ ಇನ್ನೊಂದಿರಲಿಲ್ಲ. ಮಿಮಿಕ್ರಿಯವನಿಗೆ ಅದು ದಾರಿಯಲ್ಲಿ ಬಿದ್ದ ಉಂಗುರ.

"ನೋಡಪಾ," ಅಂದರು ಅವರು, "ಈ ಗುಳಿಗಿ ಆರ ವಾರ. ಆಮ್ಯಾಲೆ ಬಂದ ತೋರಸು. ಮಲಗೂ ಮುಂದ ಈ ಜೆಲ್ ಹಚ್ಚಕೊ. ಉರೀತೈತಿ, ಉರೀಲಿ. ಜೆಲ್ ಬಿಟ್ಟು ಬರೇ ಗುಳಿಗಿ ನುಂಗಿದಿ ಅಂದ್ರ ಹುಳ ಶ್ಯಾಣ್ಯಾ ಆಗ್ತಾವ."

"ಹುಳಾನಾ ಸಾರ್? ಮುಖದಲ್ಲಾ?"

"ಬ್ಯಾಕ್ಟೀರಿಯಾಪಾ. ಮುಖದಾಗ ಅಷ್ಟ ಅಲ್ಲ, ಮೂಗಿನಾಗ, ಕಂಕಳದಾಗ, ಹೊಟ್ಟ್ಯಾಗ, ಎಲ್ಲಾ ಕಡೆ ಅದಾವ. ಗುಳಿಗಿ ಏನು ಬರೇ ಮೊಡವಿ ಹುಡಕ್ಕೊಂಡ ಹೋಗತೈತೇನು? ಮೈ ತುಂಬ ಅಡ್ಡ್ಯಾಡತೈತಿ. ಸಾಯೂವು ಸಾಯ್ತಾವ. ಉಳದವು ಕಲೀತಾವ. ಅದಕ್ಕ ಆರ ವಾರ ಅಂದ್ರ ಆರ ವಾರ. ಸಾಕು ಅಂದಾಗ ನಿಲ್ಲಸಬೇಕು."

ಇದಕ್ಕಿಂತ ಬಿಡಿಸಿ ಯಾರು ಹೇಳುತ್ತಾರೆ? ಹೇಳಲಿಲ್ಲ, ನನಗೆ ಗೊತ್ತಿರಲಿಲ್ಲ ಎನ್ನುವ ದಾರಿಯನ್ನು ಅವರು ಅವತ್ತೇ ಮುಚ್ಚಿಬಿಟ್ಟಿದ್ದರು. ಗೊತ್ತಿದ್ದದ್ದು ಮಾತ್ರವಲ್ಲ, ಆ ಮಾತನ್ನು ನಾನು ಬಾಯಿಪಾಠ ಮಾಡಿದೆ. ಮುಂದಿನ ಕಾಲೇಜ್ ಡೇಗೆ 'ಶ್ಯಾಣ್ಯಾ ಹುಳ' ಎಂಬ ಐಟಂ ಮಾಡಿದೆ. ಹುಳಗಳು ತರಗತಿಯಲ್ಲಿ ಕೂತಿವೆ, ಗುಳಿಗೆ ಮೇಷ್ಟ್ರು ಒಳಗೆ ಬರುತ್ತಾರೆ, ಮೊದಲ ಬೆಂಚಿನ ಹುಳ ತಮಿಳಿನಲ್ಲಿ ಅಳುತ್ತಾ ಸಾಯುತ್ತದೆ, ಹಿಂದಿನ ಬೆಂಚಿನ ಹುಳ ತೆಲುಗಿನಲ್ಲಿ ನೋಟ್ಸ್ ಬರೆದುಕೊಳ್ಳುತ್ತದೆ. ಚಪ್ಪಾಳೆ ನಿಲ್ಲಲೇ ಇಲ್ಲ. ಒನ್ಸ್ ಮೋರ್ ಕೇಳಿದರು. ಅಷ್ಟು ಚೆನ್ನಾಗಿ ಪಾಠ ಒಪ್ಪಿಸಿದವನು ಮನೆಗೆ ಬಂದು ಅದನ್ನು ಪಾಲಿಸಬೇಕೆಂದು ಯಾವ ಕಾನೂನಿದೆ?

ಜೆಲ್ ಮೊದಲು ಹೋಯಿತು. ಅದು ಉರಿಯುವುದಷ್ಟೇ ಅಲ್ಲ, ಬಣ್ಣ ತಿನ್ನುತ್ತಿತ್ತು. ಅಪ್ಪನ ನೀಲಿ ಟವೆಲ್ಲಿನಲ್ಲಿ ಕಿತ್ತಳೆ ಬಣ್ಣದ ಮಚ್ಚೆಗಳೆದ್ದು, ಅಮ್ಮ ಅದನ್ನು ಬೀದಿಗೆ ಹಿಡಿದು, "ಯಾವನ್ಲಾ ಇದ್ರಾಗೆ ಬ್ಲೀಚಿಂಗ್ ಪೌಡ್ರು ಒರ್ಸಿರಾನು?" ಎಂದು ಕೂಗಿದಳು. ನಾನು ಪ್ರೋಗ್ರಾಂಗೆ ಹಾಕುವ ಕರಿ ಅಂಗಿಯ ಕಾಲರಿಗೂ ಅದೇ ಗತಿಯಾದಾಗ ಟ್ಯೂಬನ್ನು ಕಿಟಕಿಯಿಂದ ಎಸೆದೆ. ಮಾತ್ರೆ ಮಾತ್ರ ಉಳಿಯಿತು. ಅದೂ ನನ್ನ ಲೆಕ್ಕದಲ್ಲಿ: ಪ್ರೋಗ್ರಾಂ ಹತ್ತಿರ ಬಂದರೆ ನುಂಗುವುದು, ಮುಖ ತಿಳಿಯಾದರೆ ಬಿಡುವುದು, ಮತ್ತೆ ಎದ್ದರೆ ಮತ್ತೆ ನುಂಗುವುದು. ಆರು ವಾರದ ಮೇಲೆ ಬಂದು ತೋರಿಸು ಅಂದಿದ್ದರಲ್ಲ, ಆ ಕಡೆ ತಲೆ ಹಾಕಲಿಲ್ಲ. ಹೋದರೆ 'ಸಾಕು' ಅಂದುಬಿಟ್ಟಾರು ಎಂಬ ಭಯ.

ಊರಿಗಾಂ ಕಡೆಗೆ ಹೋಗುವ ರಸ್ತೆಯಲ್ಲಿ ನಮಗೆ ಹತ್ತಿರದ ಮೆಡಿಕಲ್ ಅಂಗಡಿ. ಅದರ ಯಜಮಾನರನ್ನು ನಾವೆಲ್ಲ ಮೆಡಿಕಲ್ ಅಣ್ಣ ಅನ್ನುತ್ತಿದ್ದೆವು. ತಮಿಳಿನ ಮೇಲೆ ಕನ್ನಡದ ಅಂಗಿ ತೊಡಿಸಿದ ಮಾತು, ತೆಳ್ಳನೆಯ ಮನುಷ್ಯ, ಆ ಸಾಲಿನಲ್ಲೇ ಡಾಕ್ಟರ ಚೀಟಿ ಕೇಳುವವರು ಅವರೊಬ್ಬರೇ.

"ಚೀಟಿ ಇಲ್ಲಾಮ ಕೊಡಲ್ಲ ತಂಬಿ. ಇದು ಪೆಪ್ಪರ್‌ಮಿಂಟಾ? ಇಲ್ಲ ಡಾಕ್ಟರಾದ್ರೂ ನನ್ಗೆ ಹೇಳಬೇಕು."

ಬೇರೆ ಅಂಗಡಿಗೆ ಹೋಗಿದ್ದರೆ ಬಹುಶಃ ಚೀಟಿ ಕೇಳದೆಯೇ ಕೊಡುತ್ತಿದ್ದರು. ಆದರೆ 'ಡಾಕ್ಟರಾದ್ರೂ ಹೇಳಬೇಕು' ಎಂಬ ಮಾತು ನನ್ನ ಕಿವಿಗೆ ಬಿತ್ತಲ್ಲ, ಆಮೇಲೆ ಮಾತ್ರೆಗಿಂತ ಆಟ ದೊಡ್ಡದಾಯಿತು. ಸುಮ್ಮನೆ ಕೊಡುವವನಿಗೆ ಮೋಸ ಮಾಡುವುದರಲ್ಲಿ ಏನು ರುಚಿ? ಅವರ ಅಂಗಡಿಯಲ್ಲಿ ಗೋಡೆಗೆ ಹೊಡೆದ ಹಳೆಯ ಲ್ಯಾಂಡ್‌ಲೈನ್ ಇತ್ತು, ಕರೆ ಮಾಡಿದವರ ನಂಬರ್ ತೋರಿಸದಂಥದ್ದು. ಮೊದಲ ಸಲ ಫೋನ್ ಮಾಡಿ ಹತ್ತು ನಿಮಿಷ ಕಾದೆ. ಅಂಗಡಿಗೆ ಹೋದರೆ ಅವರೇ ಎದ್ದು ನಿಂತು ಹೇಳಿದರು:

"ಬಾ ತಂಬಿ, ಬಾ. ಡಾಕ್ಟರ್ ಸಾರೇ ಪೇಸ್ನಾರು, ಅವರೇ ಮಾತಾಡಿದ್ರು. ಎಂಥಾ ಒಳ್ಳೇ ಮನುಷ್ಯ! ಒಂದು ಪೇಷಂಟ್‌ಗೋಸ್ಕರ ಯಾರು ಫೋನ್ ಪಣ್ಣಾರು ಈ ಕಾಲದಲ್ಲಿ?"

ಡಾಕ್ಟರ ಒಳ್ಳೆಯತನ ತಿಂಗಳಿಂದ ತಿಂಗಳಿಗೆ ಹೆಚ್ಚಿತು. ಒಮ್ಮೆ ನಾನು ಅವರ ದನಿಯಲ್ಲಿ ಮೆಡಿಕಲ್ ಅಣ್ಣನ ಸೊಂಟನೋವು ವಿಚಾರಿಸಿದೆ. ಇನ್ನೊಮ್ಮೆ, ಮಾತ್ರೆ ಯಾಕೋ ಮೊದಲಿನಂತೆ ಹಿಡಿಯುತ್ತಿಲ್ಲ ಅನ್ನಿಸಿದಾಗ, ಅದೇ ದನಿಯಲ್ಲಿ ಹೊಸ ಔಷಧಿಯನ್ನೂ ಬರೆದೆ: "ಜೊತಿಗೆ ಆ ಕ್ಲಿಂಡಾ ಲೋಷನ್ನೂ ಕೊಡ್ರಿ." ಹೆಸರನ್ನು ರೈಲಿನಲ್ಲಿ ಗೆಳೆಯನ ಫೋನಿನಲ್ಲಿ ಓದಿಕೊಂಡಿದ್ದೆ. ಅದೂ ಒಂದು ರೋಗಾಣು ಕೊಲ್ಲುವ ಔಷಧಿಯೇ, ಹಚ್ಚಿಕೊಳ್ಳುವುದು ಅಷ್ಟೇ. ಮೂರು ವಾರ ಮುಖ ಬೆಣ್ಣೆಯ ಹಾಗಾಯಿತು. ನಾಲ್ಕನೆಯ ವಾರ ದವಡೆಯ ಕೆಳಗೆ ಒಂದು, ಆಮೇಲೆ ಅದರ ನೆಂಟರಿಷ್ಟರು. ನನ್ನ ಐಟಂ ಮೂರನೆಯ ಸಲ ನೋಡುವ ಜನ ಇರುತ್ತಾರಲ್ಲ, ಎಲ್ಲಿ ಏನು ಬರುತ್ತದೆಂದು ಗೊತ್ತಿದ್ದು ಕೈಕಟ್ಟಿ ಕೂತವರು, ಔಷಧಿಯ ಮುಂದೆ ನನ್ನ ಹುಳಗಳು ಹಾಗೆ ಕೂತಿದ್ದವು. ನಾನು ಇನ್ನಷ್ಟು ಹಚ್ಚಿದೆ.

ಅಷ್ಟರಲ್ಲಿ ಅಕ್ಕ ಬಾಣಂತನಕ್ಕೆ ಬಂದಳು. ಹೆಣ್ಣುಮಗು. ನಮ್ಮ ಕ್ವಾರ್ಟರ್ಸಿನ ಎರಡು ಕೋಣೆಗಳಲ್ಲಿ ಒಂದು ಅವಳದಾಯಿತು. ಸಾಂಬ್ರಾಣಿ, ಬೆಳ್ಳುಳ್ಳಿ, ಬಿಸಿನೀರಿನ ಹಬೆ. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಎಲ್ಲರಿಗೂ ಪಾಪು. ಜಗತ್ತಿನಲ್ಲಿ ನನ್ನ ಮೊಡವೆಗೆ ನಗದ ಒಂದೇ ಒಂದು ಜೀವ ಅದು. ನಾನು ಕೆನ್ನೆಗೆ ಕೆನ್ನೆ ಒತ್ತಿ ಕಾಗೆಯ ದನಿ ತೆಗೆದರೆ ಅಳು ನಿಲ್ಲಿಸಿ ಕಣ್ಣರಳಿಸುತ್ತಿದ್ದಳು. ರೈಲಿಳಿದು ಬಂದವನು ಬ್ಯಾಗ್ ಎಸೆದು ನೇರ ಅವಳನ್ನು ಎತ್ತಿಕೊಳ್ಳುತ್ತಿದ್ದೆ.

"ಲೇ! ಕೈ ತೊಳ್ಕೊಂಡು ಮುಟ್ಲಾ! ಆ ಮುಖ ಕೀಳೋ ಕೈಲಿ ಎತ್ತ್ಕೊಂಬೇಡ ಪಾಪುನ" ಅನ್ನುತ್ತಿದ್ದಳು ಅಕ್ಕ.

ಅಡುಗೆಮನೆಯಿಂದ ಅಮ್ಮ, "ತೊಳ್ಕೊಂಡ್ನೇನೇ?" ಎಂದು ಕೇಳುತ್ತಿದ್ದಳು. ನಾನು ಅಕ್ಕನ ದನಿಯಲ್ಲಿ, "ಊ ಕಣಮ್ಮಾ, ತೊಳ್ಕೊಂಡೌನೆ" ಎಂದು ಕೂಗುತ್ತಿದ್ದೆ. ಅಮ್ಮ ನಂಬಿ ಸುಮ್ಮನಾಗುತ್ತಿದ್ದಳು. ಅಕ್ಕ ಹೊಟ್ಟೆ ಹಿಡಿದುಕೊಂಡು, "ನಗಿಸ್ಬೇಡ್ಲಾ ಮುಂಡೇದೆ, ಒಲಿಗೆ ನೋಯ್ತೈತೆ" ಎಂದು ನಗುತ್ತಿದ್ದಳು. ಆಪರೇಷನ್ ಹೆರಿಗೆಯ ಹೊಲಿಗೆ ಇನ್ನೂ ಹಸಿಯಿತ್ತು. ಅವಳ ನಗುವೇ ನನಗೆ ಪರ್ಮಿಷನ್.

ಮೊದಲು ಪಾಪುವಿನ ಕುತ್ತಿಗೆಯ ಮಡಿಕೆಯಲ್ಲಿ, ಕೆನ್ನೆಯಲ್ಲಿ ಸಾಸಿವೆ ಕಾಳಿನಷ್ಟು ಕೀವುಗುಳ್ಳೆಗಳು ಕಂಡವು. ಅಮ್ಮ ಬೆವರುಸಾಲೆ ಅಂದಳು, ಪೌಡರ್ ಬದಲಾಯಿಸಿದಳು. ಅವು ಒಣಗಿ ಹೋದವು. ವಾರದ ಮೇಲೆ ಅಕ್ಕನ ಬಲಗಡೆಯ ಎದೆ ಕೆಂಪಗೆ ಬಿಸಿಯಾಗಿ ಬಾತುಕೊಂಡಿತು. ಹಾಲು ಕಟ್ಟಿಕೊಂಡಿದೆ ಎಂದು ಬಿಸಿಬಟ್ಟೆಯ ಶಾಖ ಕೊಟ್ಟರು. ಚಳಿಜ್ವರ ಬಂತು. ಹೆರಿಗೆ ಮಾಡಿಸಿದ್ದ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು, ಇಳಿಯಲಿಲ್ಲ. ಬೇರೆ ಕೊಟ್ಟರು. ಆ ಎರಡನೆಯ ಸ್ಟ್ರಿಪ್ಪನ್ನು ತಂದವನು ನಾನೇ. ಅದರ ಹೆಸರು ನೋಡಿ ಖುಷಿಯಾಯಿತು.

"ಅಕ್ಕ, ಇದು ನಂದೇ ಔಷಧಿ! ನಾನು ಹಚ್ಕೊಳ್ಳೋ ಲೋಷನ್‌ನಾಗೂ ಇದೇ ಇರಾದು. ಸಕತ್ತಾಗಿ ಕೆಲಸ ಮಾಡ್ತೈತೆ."

ಜ್ವರದ ನಡುವೆಯೂ ಅವಳು ಬಿಡಲಿಲ್ಲ. "ಅಂಗಾದ್ರೆ ನನ್ನೆದೇನೂ ನಿನ್ ಮುಖ್ದಂಗೇ ಆಗ್ತೈತೆ ಬಿಡು" ಅಂದಳು. ಇಬ್ಬರೂ ನಕ್ಕೆವು.

ಅದೂ ಇಳಿಸಲಿಲ್ಲ. ನಾಲ್ಕನೆಯ ದಿನಕ್ಕೆ ಒಳಗೆ ಕೀವು ತುಂಬಿ ಕುಯ್ಯಬೇಕಾಯಿತು. ಆಸ್ಪತ್ರೆಯಲ್ಲಿ ಉಳಿಸಿಕೊಂಡರು. ಗಾಯದೊಳಗೆ ತುರುಕಿದ ಗಾಜ್ ಬಟ್ಟೆಯನ್ನು ದಿನಾ ಬೆಳಗ್ಗೆ ಎಳೆದು ತೆಗೆದು ಹೊಸದನ್ನು ತುರುಕುತ್ತಿದ್ದರು. ನಾನು ವರಾಂಡದಲ್ಲಿ ನಿಂತಿರುತ್ತಿದ್ದೆ. ಕೇಳಿದ ಯಾವ ಸದ್ದನ್ನಾದರೂ ನಾನು ತೆಗೆಯಬಲ್ಲೆ. ಆಗ ಅಕ್ಕನ ಗಂಟಲಿನಿಂದ ಬರುತ್ತಿದ್ದ ಸದ್ದನ್ನು ಈವರೆಗೆ ಪ್ರಯತ್ನಿಸಿಲ್ಲ.

ಪಾಪು ಮನೆಯಲ್ಲಿ ಅಮ್ಮನ ಜೊತೆ ಬಾಟಲಿಗೆ ಬಿದ್ದಳು. ಇನ್ನೊಂದು ಕಡೆಯಿಂದ ಕುಡಿಸಬಹುದು, ನಿಲ್ಲಿಸಬೇಡಿ ಎಂದು ಡಾಕ್ಟರಮ್ಮ ಹೇಳುತ್ತಲೇ ಇದ್ದರು. ಅಕ್ಕ ಹಲ್ಲು ಕಚ್ಚಿ ಹಿಂಡಿ ತೆಗೆಯುತ್ತಿದ್ದಳು. ಜ್ವರ, ನೋವು, ನಿದ್ದೆಯಿಲ್ಲದ ಮೈ. ದಿನದಿಂದ ದಿನಕ್ಕೆ ಲೋಟದಲ್ಲಿ ಬೀಳುವ ಹಾಲು ಕಡಿಮೆಯಾಯಿತು. ಕುಡಿಸುವುದು ಅವಳಿಗೆ ಎಷ್ಟು ಮುಖ್ಯವಾಗಿತ್ತೆಂದರೆ, ಹೆರಿಗೆಯಾದ ಮೇಲೆ ಮೊದಲ ಸಲ ಹಾಲು ಬಂದಾಗ ಆಸ್ಪತ್ರೆಯ ಹಾಸಿಗೆಯಿಂದಲೇ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದಳು. ಅಪ್ಪನಿಗೆ ಯಾವ ಹೆಣ್ಣುಮಗಳೂ ಹೇಳದ ಸುದ್ದಿ ಅದು.

ಕೀವನ್ನು ಲ್ಯಾಬಿಗೆ ಕಳಿಸಿದ್ದರು. ರಿಪೋರ್ಟ್ ಬಂದ ದಿನ ಡಾಕ್ಟರಮ್ಮನ ಕೋಣೆಯಲ್ಲಿ ಅಪ್ಪ, ಅಮ್ಮ, ನಾನು. ಔಷಧಿಗಳ ಉದ್ದ ಪಟ್ಟಿ, ಪ್ರತಿಯೊಂದರ ಮುಂದೆ ಆರ್ ಅಥವಾ ಎಸ್ ಎಂಬ ಒಂದು ಅಕ್ಷರ. ಬಹುಪಾಲು ಆರ್. ನನ್ನ ಮಾತ್ರೆಯ ಮುಂದೆ ಆರ್, ನನ್ನ ಲೋಷನ್ನಿನ ಮುಂದೆ ಆರ್. ಆರ್ ಅಂದರೆ ರೈಟ್ ಅಂದುಕೊಂಡು, "ಅಪ್ಪಾ, ಎಲ್ಲಾ ಔಷಧೀನೂ ಸರಿ ಹೋಗ್ತೈತಂತೆ ನೋಡು" ಎಂದು ಪಿಸುಗುಟ್ಟಿದೆ.

ಅಪ್ಪ ಫ್ಯಾಕ್ಟರಿಯ ಇನ್‌ಸ್ಪೆಕ್ಷನ್‌ನಲ್ಲಿರುವವರು. ಜೀವಮಾನವಿಡೀ ಕಬ್ಬಿಣದ ಭಾಗಗಳಿಗೆ ಟ್ಯಾಗ್ ಕಟ್ಟಿದವರು. ಕನ್ನಡಕ ಏರಿಸಿ ಪಟ್ಟಿಯ ಮೇಲೆ ಬೆರಳಾಡಿಸಿದರು.

"ನಮ್ ಶಾಪ್‌ನಾಗೆ ಆರ್ ಅಂದ್ರೆ ರಿಜೆಕ್ಟು ಕಣೋ" ಅಂದರು.

"ಹೆಚ್ಚುಕಡಿಮೆ ಅದೇ ಅರ್ಥ," ಅಂದರು ಡಾಕ್ಟರಮ್ಮ. "ಆರ್ ಅಂದ್ರೆ ರೆಸಿಸ್ಟೆಂಟ್, ಈ ಔಷಧಿಗಳಿಗೆ ಬ್ಯಾಕ್ಟೀರಿಯಾ ಜಗ್ಗಲ್ಲ ಅಂತ. ಉಳಿದಿರೋ ಒಂದೆರಡರಲ್ಲಿ ಡ್ರಿಪ್ ಹಾಕ್ತೀವಿ, ವಾಸಿಯಾಗುತ್ತೆ, ಹೆದರಬೇಡಿ. ಆದ್ರೆ ಮನೇಲಿ ಯಾರಾದ್ರೂ ಇಂಥಾ ಆಂಟಿಬಯೋಟಿಕ್ ತುಂಬಾ ದಿನದಿಂದ ತಗೊಳ್ತಿದ್ದಾರಾ?"

ನಾನು ಗೋಡೆಯ ಮೇಲಿದ್ದ ಕೂಸಿನ ಚಿತ್ರ ನೋಡಿದೆ. ಅಮ್ಮ ಉತ್ತರ ಕೊಟ್ಟಳು. ಹೆಮ್ಮೆಯಿಂದ ಕೊಟ್ಟಳು.

"ನಮ್ ಉಡ್ಗ ತಗೊಂತಾನೆ ಡಾಕ್ಟ್ರಮ್ಮ, ಮುಖಕ್ಕೆ. ವರ್ಸದ ಮೇಲಾತು. ಬಂಗಾರ್‌ಪೇಟೆ ದೊಡ್ ಡಾಕ್ಟ್ರು, ತಿಂಗ್ಳಾ ತಿಂಗ್ಳಾ ಅವ್ರೇ ಮೆಡಿಕಲ್‌ಗೆ ಫೋನ್ ಮಾಡಿ ಕೊಡಿಸ್ತಾರೆ. ಮೆಡಿಕಲ್ ಅಣ್ಣನೇ ಏಳಿದ್ರು. ಅಷ್ಟ್ ಪ್ರೀತಿ ನಮ್ ಉಡ್ಗನ್ ಮೇಲೆ."

"ವರ್ಷದ ಮೇಲಾ? ಫೋನಲ್ಲಾ?" ಡಾಕ್ಟರಮ್ಮನ ಹುಬ್ಬು ಕೂಡಿತು. ಯಾವ ಡಾಕ್ಟರು ಎಂದು ಕೇಳಿದರು. ಪರಿಚಯದವರೇ. ನಮ್ಮೆದುರಿಗೇ ಫೋನ್ ಮಾಡಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಆ ದನಿ ಕೋಣೆಯಲ್ಲಿ ಬಿತ್ತು, ಟಕ್ಕೆಂದು ಚಿಲಕ ಹಾಕಿದ ಹಾಗೆ.

"ನಾ ಯಾವ ಮೆಡಿಕಲ್ಲಿಗೂ ಫೋನ್ ಮಾಡಿಲ್ಲರೀ ಮೇಡಂ. ಆ ಹುಡುಗ ಒಮ್ಮೆ ಬಂದಿದ್ದ. ಮತ್ತ ಬಂದೇ ಇಲ್ಲ."

ಅಮ್ಮ ಅವರನ್ನು ಎಂದೂ ನೋಡಿದವಳಲ್ಲ. ಆದರೆ ಆ ದನಿ ಅವಳಿಗೆ ಚೆನ್ನಾಗಿ ಗೊತ್ತು. ಊಟಕ್ಕೆ ಕೂತಾಗ, ಉಪ್ಪು ಕೇಳುವಾಗ, ಅಕ್ಕನನ್ನು ಗೋಳು ಹೊಯ್ದುಕೊಳ್ಳುವಾಗ ದಿನಾ ಕೇಳಿದ ದನಿ. ಮೊದಲು ಫೋನನ್ನು ನೋಡಿದಳು. ಆಮೇಲೆ ನಿಧಾನಕ್ಕೆ ನನ್ನ ಬಾಯನ್ನು ನೋಡಿದಳು. ಅಪ್ಪ ಬೈಯುತ್ತಾರೆ, ಮೊದಲು ಕೆಮ್ಮುತ್ತಾರೆ ಎಂದು ಕಾದೆ. ಕೆಮ್ಮಲಿಲ್ಲ. ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಹೊರಗೆ ನಡೆದರು.

ಡ್ರಿಪ್ ಹಿಡಿಯಿತು. ಅಕ್ಕನ ಜ್ವರ ಬಿಟ್ಟಿತು, ಗಾಯ ತಳದಿಂದ ತುಂಬಿಕೊಂಡು ಬಂತು. ಮನೆಗೆ ಕರೆತಂದೆವು. ಬಾಟಲಿಯ ಸುಲಭಕ್ಕೆ ಒಗ್ಗಿದ್ದ ಪಾಪು ಅವಳ ಎದೆಗೆ ಬಾಯಿ ಹಾಕಿ, ನಾಲ್ಕು ಸಲ ಎಳೆದು, ಬರುವುದು ಸಾಲದೆ ಮುಖ ತಿರುವಿ ಕಿರುಚುತ್ತಿದ್ದಳು. ಹದಿನೈದು ದಿನ ಹಾಗೆ ಮಾಡಿದಳು ಅಕ್ಕ. ಆಮೇಲೆ ಎರಡೂ ಕಡೆ ಬತ್ತಿತು. ಅಪ್ಪ ಅಮ್ಮನಿಗೆ ವಿಷಯ ಗೊತ್ತಿತ್ತು, ಅಕ್ಕನಿಗೂ ಯಾರೋ ಹೇಳಿದ್ದರು. ಯಾರೂ ನನ್ನನ್ನು ಬೈಯಲಿಲ್ಲ. ನಾನು ಮನೆಯಲ್ಲಿ ಮಾತಾಡಿದರೆ ಯಾರ ದನಿಯೆಂದು ಒಂದು ಕ್ಷಣ ತಲೆಯೆತ್ತಿ ನೋಡುತ್ತಿದ್ದರು, ಅಷ್ಟೇ. ಮೆಡಿಕಲ್ ಅಣ್ಣನಿಗೆ ಅಪ್ಪನೇ ಹೋಗಿ ತಿಳಿಸಿ ಕ್ಷಮೆ ಕೇಳಿ ಬಂದರು. ಈಗ ನಿಜವಾದ ಡಾಕ್ಟರು ಯಾರು ಫೋನ್ ಮಾಡಿದರೂ ಅವರು, "ನೀವಾ ಸಾರ್, ಇಲ್ಲ ಆ ತಂಬಿಯಾ?" ಎಂದು ಕೇಳಿ ಇಟ್ಟುಬಿಡುತ್ತಾರಂತೆ.

ಬೈಯದ ಮನೆಯಲ್ಲಿ ಇರುವುದು ಕಷ್ಟ. ನನಗೊಂದು ಬಿಡುಗಡೆಯ ಪತ್ರ ಬೇಕಾಗಿತ್ತು. ಬಂಗಾರಪೇಟೆಗೆ ಹೋಗಿ ಚರ್ಮದ ಡಾಕ್ಟರ ಮುಂದೆ ಕೂತೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ.

"ಮಾಡು ನೋಡೂಣು, ನನ್ನ ದನಿ" ಅಂದರು.

ಬೇಡ ಸಾರ್ ಅಂದೆ. ಬಿಡಲಿಲ್ಲ. ತಲೆ ತಗ್ಗಿಸಿಯೇ ಮಾಡಿದೆ: "ಅವಂಗ ಹೋದ ಸಲದ್ದ ಗುಳಿಗಿ ಇನ್ನೊಂದ ತಿಂಗಳ ಕೊಡ್ರಿ." ಹೊರಗೆ ಹೆಸರು ಬರೆಯುವ ಹುಡುಗಿ ಬಾಗಿಲು ತೆಗೆದು, "ಕರೆದ್ರಾ ಸಾರ್?" ಅಂದಳು. ಡಾಕ್ಟರು ಅವಳನ್ನು ಕೈಯಾಡಿಸಿ ಕಳಿಸಿದರು. ಅವರ ಮುಖದಲ್ಲಿ ನಗುವಿರಲಿಲ್ಲ.

"ಚಲೋ ಮಾಡ್ತಿ. ಸಾಕು, ನಿಲ್ಲಸು ಅಂತನೂ ಹೇಳಿದ್ದೆ ನಾ. ಅದೊಂದನ್ನ ಯಾಕ ಮಾಡಲಿಲ್ಲ?"

ಉತ್ತರ ಕೊಡುವ ಬದಲು ನಾನು ಬಂದ ಕೆಲಸ ಕೇಳಿದೆ. "ಸಾರ್, ಅಕ್ಕನಿಗೆ ಆಗಿದ್ದು ನನ್ನಿಂದಾನೇನಾ? ಅದೊಂದು ಹೇಳಿ."

ಅವರು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. "ನಿನ್ನ ಮೈಮ್ಯಾಲಿನ ಹುಳ ಹಂಗ ಕಲತಿರ್ತಾವ. ಮುಟ್ಟಿದವರಿಗೆ ದಾಟ್ತಾವ. ಒಂದ ಮನ್ಯಾಗ ಇದ್ದವರಿಗೆ ದಾಟೂದು ದೊಡ್ಡ ಮಾತಲ್ಲ. ಆದ್ರ ದವಾಖಾನಿಯಾಗೂ ಇಂಥಾ ಹುಳ ಇರ್ತಾವ, ಬ್ಯಾರೆಯವರ ಮೂಗಿನಾಗೂ ಇರ್ತಾವ. ನಿನ್ನಿಂದನ ಬಂತು ಅನ್ನಾಕ ಪ್ರೂಫ್ ಇಲ್ಲ. ನಿನ್ನಿಂದ ಬಂದಿಲ್ಲ ಅನ್ನಾಕೂ ಇಲ್ಲ."

ಕೊನೆಗೆ ಹೇಳಿದ್ದು ಎರಡು ವಾಕ್ಯ. ರೈಲಿನಲ್ಲಿ ವಾಪಸು ಬರುವಾಗ ಮೊದಲನೆಯದನ್ನು ಮಾತ್ರ ಜೋಪಾನ ಮಾಡಿಕೊಂಡೆ. ಎರಡನೆಯದನ್ನು ಎಲ್ಲಿ ಇಳಿಸಿದೆನೋ ಗೊತ್ತಿಲ್ಲ. ಮನೆ ತಲುಪುವಷ್ಟರಲ್ಲಿ ನನಗೆ ಸಿಟ್ಟೂ ಬಂದಿತ್ತು. ಸುಮ್ಮಸುಮ್ಮನೆ ನನ್ನನ್ನು ಕೊಲೆಗಾರನ ಹಾಗೆ ನೋಡುತ್ತಾರಲ್ಲ ಎಂಬ ಸಿಟ್ಟು.

ಸಂಜೆಯಾಗುತ್ತಿತ್ತು. ಅಕ್ಕ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಪಾಪು ಮಡಿಲಲ್ಲಿದ್ದಳು. ಅಮ್ಮ ಬಾಟಲಿಯ ಹಾಲನ್ನು ಆರಿಸುತ್ತಿದ್ದಳು. ಹಸಿದ ಪಾಪು ಅಕ್ಕನ ರವಿಕೆಯ ಮೇಲೆ ಮೂಗುಜ್ಜುತ್ತಿದ್ದಳು. ಬಾಗಿಲಲ್ಲೇ ನಿಂತು ಹೇಳಿದೆ.

"ಅಕ್ಕ, ಬಂಗಾರ್‌ಪೇಟೆ ಡಾಕ್ಟ್ರನ್ನ ಕೇಳ್ಕೊಂಡ್ ಬಂದೆ. 'ನಿನ್ನಿಂದನ ಬಂತು ಅನ್ನಾಕ ಪ್ರೂಫ್ ಇಲ್ಲ' ಅಂದ್ರು."

ಬೇಕೆಂದು ಮಾಡಿದ್ದಲ್ಲ, ಆದರೂ ಆ ಮಾತು ಬಾಯಿಂದ ಅವರದೇ ದನಿಯಲ್ಲಿ ಬಂತು. ಅಮ್ಮನ ಕೈಯಲ್ಲಿ ಬಾಟಲಿ ನಿಂತಿತು. ಅಕ್ಕ ನನ್ನನ್ನು ನೋಡಿದಳು. ನಗುತ್ತಾಳೋ ಅಳುತ್ತಾಳೋ ಎಂದು ಕಾದೆ. ಎರಡೂ ಮಾಡಲಿಲ್ಲ. ಪಾಪುವನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆಗೆ ತಿರುಗಿಸಿ ಹಿಡಿದಳು.

"ಸರಿ ಕಣ್ಲಾ, ಪ್ರೂಫ್ ಇಲ್ಲ. ಆಲಿಗೆ ಎದೆ ತಡಕ್ತಾವ್ಳಲ್ಲ, ಬಾ, ಇವಳ ಕಿವೀನಾಗೆ ನೀನೇ ಏಳು, ಪ್ರೂಫ್ ಇಲ್ವಂತೆ ಅಂತ."